ಬಸವಂತನ ಹುರುಪು

"ರಾತ್ರಿ ನಿದ್ದಿ ಹೆಂಗ?" ಎಂದು ಡಾಕ್ಟರು ಕೇಳಿದರು.

ಕೇಳಿದ್ದು ವಿಜಯಾಳನ್ನು. ಅವಳು ಕೆಳಗೆ ಸೀತಾಬರ್ಡಿಯ ಬೀದಿಯಲ್ಲಿ ದೀಪಾವಳಿಯ ಬಟ್ಟೆಗಾಗಿ ನೂಕಾಡುತ್ತಿದ್ದ ಜನರನ್ನು ಕಿಟಕಿಯಿಂದ ನೋಡುತ್ತ, ಸೆರಗಿನ ಚುಂಗನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. ಕೊನೆಗೆ ಅವಳ ತಾಯಿ ಕಲಾವತಿಯೇ ಉತ್ತರಿಸಿದಳು. ಹುಡುಗಿ ಮಲಗಿದರೆ ಹೊತ್ತೇರುವ ತನಕ ಏಳುವುದಿಲ್ಲ, ಕಾಲೇಜಿಗೆ ತಡವಾಯಿತೆಂದು ಎಬ್ಬಿಸಿದರೆ ಹರಿಹಾಯುತ್ತಾಳೆ ಎಂದಳು.

ಡಾಕ್ಟರ್ ಬಿಂದುಮಾಧವ ಗಲಗಲಿಯವರು ಧಾರವಾಡದ ಕಡೆಯವರು. ಮನೋರೋಗಿಗಳ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ದುಡಿದು, ಮಗನಿಗೆ ನಾಗಪುರದಲ್ಲಿ ಕೆಲಸವಾದ ಮೇಲೆ ಇಲ್ಲಿಗೆ ಬಂದು ನೆಲೆಸಿದ್ದರು. ಕಲಾವತಿ ಗಂಡನಿಗೆ ತಿಳಿಸದೆ, ಹಬ್ಬದ ಬಟ್ಟೆ ತರುತ್ತೇವೆಂದು ಹೇಳಿ ಮಗಳನ್ನು ಕರೆತಂದಿದ್ದಳು. ಒಂದು ತಿಂಗಳಿಂದ ವಿಜಯಾ ಮುಂಜಾನೆ ನಕ್ಕರೆ ಸಂಜೆ ಅಳುತ್ತಿದ್ದಳು. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಬಿಕ್ಕುತ್ತಿದ್ದಳು. ಮೊನ್ನೆಯಂತೂ ಊಟದ ತಾಟನ್ನೇ ಗೋಡೆಗೆ ಬೀಸಿದ್ದಳು.

ಬೇರೆ ಮನೆಯಲ್ಲಾದರೆ ಇದಕ್ಕೆ ಡಾಕ್ಟರ ತನಕ ಯಾರೂ ಬರುತ್ತಿರಲಿಲ್ಲ. ಆದರೆ ಕಲಾವತಿಯ ಗಂಡನ ಕಾಕಾ ಗುರುಸಿದ್ದಪ್ಪನಿಗೆ ತಲೆ ಕೆಟ್ಟಿತ್ತು. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ದನಿ ತಗ್ಗಿಸಿ ಆ ಕಥೆ ಹೇಳಿದ್ದಳು. ಒಂದು ಸುಗ್ಗಿಯಲ್ಲಿ ಊರೆಲ್ಲ ಕುಣಿದಾಡಿ, ಕಂಡಕಂಡವರಿಗೆ ಎತ್ತು ದಾನ ಕೊಟ್ಟವನು, ಮಳೆಗಾಲಕ್ಕೆ ಕತ್ತಲೆ ಕೋಣೆ ಸೇರಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಎದ್ದು ಹೊರಗೆ ಬಂದ ದಿನ ನೆಟ್ಟಗೆ ಬಾವಿಗೆ ಹೋದ. ಆ ಮನೆತನದ ರಕ್ತ ಮಗಳಲ್ಲೂ ಹರಿಯುತ್ತಿದೆಯೆಂಬ ಅಂಜಿಕೆ ಕಲಾವತಿಯನ್ನು ಬಿಟ್ಟಿರಲಿಲ್ಲ.

ಡಾಕ್ಟರು ಒಂದೊಂದೇ ಕೇಳುತ್ತ ಹೋದರು. ಬಚ್ಚಲಲ್ಲಿ ಅತ್ತದ್ದೇಕೆ? ಜೊತೆಯ ಹುಡುಗಿ ಕುಸುಮಳನ್ನು ಕಾಲೇಜು ಬಿಡಿಸಿ ಅಮರಾವತಿಗೆ ಮದುವೆ ಮಾಡಿ ಕೊಡುತ್ತಿದ್ದರು, ಆ ಸುದ್ದಿ ಬಂದ ದಿನ. ನಗುವುದು ಯಾವಾಗ? ಪರೀಕ್ಷೆ ಚೆನ್ನಾಗಿ ಆದಾಗ. ತಾಟು ಬೀಸಿದ್ದು?

ಕಲಾವತಿ ತಡವರಿಸಿದಳು. ಅಪ್ಪನ ಬಗ್ಗೆ ಏನೋ ಅಂದಳು, ನಾನೊಂದು ಏಟು ಕೊಟ್ಟೆ ಎಂದಷ್ಟೇ ಹೇಳಿದಳು.

ಡಾಕ್ಟರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡರು. "ನೋಡ್ರಿ ತಂಗಿ, ಈಕಿಗೆ ಸಿಟ್ಟು ಬಂದ್ರ ಸಿಟ್ಟಿಗೊಂದು ಕಾರಣ ಅದ, ಅತ್ರ ಅಳೂದಕ್ಕೊಂದು ಕಾರಣ ಅದ. ಅತ್ತು ಹಗುರಾಗಿ ಮತ್ತ ತನ್ನಂಗ ತಾನಾಗ್ತಾಳ. ಈ ವಯಸ್ಸಿಗೆ ಇದು ಜಡ್ಡಲ್ಲ. ಜಡ್ಡಿನ ರೀತಿನ ಬ್ಯಾರೆ ಇರತದ. ರಾತ್ರಿಯೆಲ್ಲ ಎಚ್ಚರಿದ್ರೂ ಮುಂಜಾನೆ ದಣಿವು ಅನ್ನೂದ ಇರೂದಿಲ್ಲ. ಮಾತು ನಿಲ್ಲೂದಿಲ್ಲ. ಒಂದು ಕೆಲಸಾ ಮುಗಿಯೂದ್ರೊಳಗ ಹತ್ತು ಕೆಲಸಾ ಹಚ್ಚತಾರ. ತನಗ ತಿಳೀಲಾರದ್ದು ಯಾವದೂ ಇಲ್ಲ ಅಂತಾರ. ಸುತ್ತಲಿನವ್ರು ಮೊದಮೊದಲು ಭಾಳ ಖುಷಿಪಡತಾರ, ಅದ ತ್ರಾಸು."

ಕಲಾವತಿ ತಲೆಯಾಡಿಸುತ್ತ ಕೇಳುತ್ತಿದ್ದವಳು ನಡುವೆ ಎಲ್ಲೋ ತಲೆಯಾಡಿಸುವುದನ್ನು ನಿಲ್ಲಿಸಿದಳು. ವಿಜಯಾ ಕಿಟಕಿಯಿಂದ ಮುಖ ತಿರುಗಿಸಿ ಅವ್ವನನ್ನೇ ನೋಡುತ್ತಿದ್ದಳು.

"ಡಾಕ್ಟರ್ರ," ಎಂದಳು ಕಲಾವತಿ, "ವಯಸ್ಸಾದವರಿಗೂ ಇದು ಬರತೈತೇನ್ರಿ?"

ಅವಳ ಗಂಡ ಬಸವಂತ ಕಾಮಠಿಯ ದಾರಿಯ ಸಣ್ಣ ಸ್ಟೇಷನ್ನೊಂದರಲ್ಲಿ ಅಸಿಸ್ಟಂಟ್ ಸ್ಟೇಷನ್ ಮಾಸ್ತರ. ಮದುವೆಯಾದಾಗಿನಿಂದ ಕಲಾವತಿ ಕಂಡದ್ದು ಮಿತಭಾಷಿಯನ್ನು. ಡ್ಯೂಟಿ, ಊಟ, ಪೂಜೆ, ನಿದ್ದೆ. ಅಂಥವನಿಗೆ ದಸರೆಯ ಗದ್ದಲದಲ್ಲಿ, ಬೌದ್ಧ ದೀಕ್ಷೆಗೆಂದು ಊರಿಗೆ ಲಕ್ಷಗಟ್ಟಲೆ ಜನ ಗಾಡಿಯಿಂದ ಇಳಿಯುತ್ತಿದ್ದಾಗ, ಎರಡೆರಡು ಪಾಳಿ ಬಿತ್ತು. ನಿದ್ದೆಯಿಲ್ಲದ ಆ ದಿನಗಳು ಮುಗಿದ ಮೇಲೂ ಅವನು ಮಲಗಲಿಲ್ಲ. ಮಲಗುವ ಅಗತ್ಯವೇ ಇಲ್ಲವೆಂದ. ಆಗಲೇ ಕನ್ನಡ ನಾಡು ಒಂದಾಗುವ ದಿನ ಹತ್ತಿರ ಬಂದಿತ್ತು. ರೈಲ್ವೆ ಕ್ವಾರ್ಟರ್ಸಿನ ಕನ್ನಡಿಗರೆಲ್ಲ ಹಿಗ್ಗಿನಲ್ಲಿದ್ದರು. ಬಸವಂತ ಸಂಘ ಕಟ್ಟಿದ, ಮೆರವಣಿಗೆಗೆ ಆನೆ ತರಿಸುತ್ತೇನೆಂದ, ಮನೆಯ ಬಾಗಿಲುಗಳನ್ನು ಬಿಚ್ಚಿ ವೇದಿಕೆ ಮಾಡಿದ. ನೆರೆಯವರು, ಬಸವಂತರಾಯರಿಗೆ ಎಂಥ ಹುರುಪು ಬಂತು ಎಂದು ಕೊಂಡಾಡಿದರು.

ಕಲಾವತಿಯೂ ಖುಷಿಪಟ್ಟಿದ್ದಳು. ಅವನು ಮಲ್ಲಿಗೆ ತಂದು ತಾನೇ ಮುಡಿಸಿದ್ದ. ಹುಡುಗಾಟದ ದಿನಗಳ ಸುದ್ದಿ ಹೇಳಿ ನಗಿಸಿದ್ದ. ಇಷ್ಟು ವರ್ಷ ಈ ಮನುಷ್ಯ ಎಲ್ಲಿ ಅಡಗಿದ್ದನೆಂದು ಅವಳಿಗೆ ಸೋಜಿಗವಾಗಿತ್ತು. ಅಪ್ಪ ಬರೋಬರ್ ಇಲ್ಲ ಎಂದು ಮಗಳು ಅಂದಾಗ ಕೈಯೆತ್ತಿದ್ದು ಅದಕ್ಕೇ. ಯಾರೋ ತನ್ನ ಕೈಯಲ್ಲಿದ್ದುದನ್ನು ಕಸಿದುಕೊಂಡಂತಾಗಿತ್ತು.

ಇದನ್ನೆಲ್ಲ ಅರ್ಧಂಬರ್ಧ ಹೇಳಿದಾಗ ಡಾಕ್ಟರು ಕೇಳಿದ್ದು ಒಂದೇ: ಅವರ ಕೆಲಸ ಏನು? ಉತ್ತರ ಕೇಳಿ ಎದ್ದು ನಿಂತರು. ಇವತ್ತು ಡ್ಯೂಟಿ ಇದೆಯೇ ಎಂದರು. ಮಧ್ಯಾಹ್ನದ ಪಾಳಿ, ಇಷ್ಟೊತ್ತಿಗೆ ಕೂತಿರುತ್ತಾರೆ ಎಂದಳು ಕಲಾವತಿ. ಮೊದಲು ಅವರನ್ನು ಆ ಕುರ್ಚಿಯಿಂದ ಎಬ್ಬಿಸಿರಿ, ಆಮೇಲೆ ನನ್ನನ್ನು ಕರೆಸಿರಿ ಎಂದರು ಡಾಕ್ಟರು.

ತಾಯಿ ಮಗಳು ಟಾಂಗಾ ಹತ್ತಿದರು. ಟಾಂಗಾವಾಲಾನಿಗೆ ವಿಜಯಾ ಮತ್ತೆ ಮತ್ತೆ "ಜಲ್ದಿ ಚಲೋ ಭೈಯಾ" ಅನ್ನುತ್ತಿದ್ದಳು. ನಿನ್ನೆ ಊಟಕ್ಕೆ ಕೂತಾಗ ಗಂಡ ಆಡಿದ ಮಾತು ಕಲಾವತಿಯ ಕಿವಿಯಲ್ಲಿ ಸುತ್ತುತ್ತಿತ್ತು. ಆಗ ಅವನೂ ಅವಳೂ ನಕ್ಕಿದ್ದರು, ವಿಜಯಾ ಮಾತ್ರ ನಕ್ಕಿರಲಿಲ್ಲ.

ಸ್ಟೇಷನ್ ಮಾಸ್ತರ ವೇಣುಗೋಪಾಲ ಮೈಸೂರಿನ ಕಡೆಯವರು, ಬಸವಂತನ ಮೇಲಧಿಕಾರಿ. ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಕಲಾವತಿ ಹೇಳಿದ್ದನ್ನೆಲ್ಲ ಕೇಳಿ ನಂಬಲೇ ಇಲ್ಲ. ನಾಡು ಒಂದಾಗುತ್ತಿರುವಾಗ ಯಾರಿಗೆ ತಾನೇ ಖುಷಿಯಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿದರು. "ಅಮ್ಮಾ, ಯೋಚನೆ ಮಾಡಿ. ತಲೆ ಸರಿಯಿಲ್ಲ ಅಂತ ನಾನೊಂದ್ಸಲ ಮೇಲಕ್ಕೆ ತಿಳಿಸಿಬಿಟ್ರೆ, ಮತ್ತೆ ಆ ಕುರ್ಚಿಯಲ್ಲಿ ಅವರನ್ನ ಕೂರಿಸೋದಿಲ್ಲ. ಜನ್ಮಕ್ಕೂ ಕೂರಿಸೋದಿಲ್ಲ."

ಕಲಾವತಿ ಕಂಬಕ್ಕೆ ಕೈಯೂರಿ ನಿಂತಳು. ಆ ಕುರ್ಚಿಗಾಗಿ ಗಂಡ ಎಷ್ಟು ಊರು ತಿರುಗಿದ್ದನೆಂದು ಅವಳಿಗೆ ಗೊತ್ತಿತ್ತು.

"ನಿನ್ನೆ ಉಣ್ಣುವಾಗ ಒಂದ್ ಮಾತ್ ಅಂದ್ರು ಸಾಹೇಬ್ರ," ಎಂದಳು. "ಲೈನ್ ಕ್ಲಿಯರ್ ಯಾಕ ಕೇಳಬೇಕು, ಹಳಿ ಮ್ಯಾಲ ಗಾಡಿ ಎಲ್ಲೈತಿ ಅಂತ ನನಗ ಕುಂತಲ್ಲೆ ತಿಳೀತೈತಿ ಅಂದ್ರು."

ಮುಂದಿನ ಸ್ಟೇಷನ್ನಿನವರು ಹಳಿ ಖಾಲಿಯಿದೆಯೆಂದು ಒಪ್ಪಿಗೆ ಕೊಡದೆ ಒಂದು ಗಾಡಿಯನ್ನೂ ಬಿಡುವಂತಿಲ್ಲವೆಂಬುದು ರೈಲ್ವೆಯವರ ಮನೆಯ ಮಕ್ಕಳಿಗೂ ಗೊತ್ತು. ವೇಣುಗೋಪಾಲರು ಕಾಫಿಯ ಲೋಟವನ್ನು ಕೆಳಗಿಟ್ಟು ಬರಿಗಾಲಲ್ಲೇ ಹೊರಟರು.

ಆಫೀಸಿನೊಳಗೆ ಬಸವಂತ ಮೇಜಿನ ಅಂಚಿಗೆ ಕೂತಿದ್ದ. ಸುತ್ತ ಇಬ್ಬರು ಪೋರ್ಟರುಗಳು ಚಹಾ ಹಿಡಿದು ನಿಂತು ಅವನ ಮಾತಿಗೆ ನಗುತ್ತಿದ್ದರು. ಪ್ಲಾಟ್‌ಫಾರ್ಮಿನ ಪಕ್ಕ ಗೂಡ್ಸ್ ಗಾಡಿಯೊಂದು ಉಗಿ ಬಿಡುತ್ತ ನಿಂತಿತ್ತು. ಗೋಡೆಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ಬಸವಂತ ಅದರತ್ತ ತಿರುಗಿಯೂ ನೋಡದೆ, ಬಾರಿಸಿದರೆ ಬಾರಿಸಲಿ, ಅವರು ಏನು ಹೇಳುತ್ತಾರೆಂದು ನನಗೆ ಮೊದಲೇ ಗೊತ್ತು ಎಂದು ಹಿಂದಿಯಲ್ಲಿ ಹೇಳುತ್ತಿದ್ದ. ಕೈಯಲ್ಲಿ ಹಸಿರು ನಿಶಾನೆ ಇತ್ತು.

ವೇಣುಗೋಪಾಲರು ಅವನನ್ನು ದಾಟಿ ಹೋಗಿ ಫೋನೆತ್ತಿದರು. ಹಳಿ ಖಾಲಿಯಿಲ್ಲವೆಂದು ಮುಂದಿನ ಸ್ಟೇಷನ್ನಿನವರು ಹೇಳಿದ್ದನ್ನು ಕೇಳಿಸಿಕೊಂಡರು. ಬೇರೇನೂ ಹೇಳದೆ, "ಗಾಡಿ ಇಲ್ಲೇ ನಿಂತಿದೆ, ಬಿಟ್ಟಿಲ್ಲ" ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು. ಪೋರ್ಟರುಗಳ ನಗು ನಿಂತಿತು.

ಬಸವಂತ ಬಾಗಿಲಲ್ಲಿ ನಿಂತ ಹೆಂಡತಿಯನ್ನು ಆಗ ಕಂಡ. ಮುಖದ ಮೇಲಿನ ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು.

"ನೀ ಹೇಳಿದೇನು ಇವರಿಗೆ?"

"ಹೂಂ. ನಾನ ಹೇಳೀನಿ."

ಅವನು ನಿಶಾನೆಯನ್ನು ನೆಲಕ್ಕೆ ಎಸೆದ. ನನ್ನ ಮನೆಯಲ್ಲೇ ವೈರಿ ಇದ್ದಾಳೆ, ನನ್ನ ಏಳಿಗೆ ನೋಡಲಾರದವಳು ಎಂದು ಪ್ಲಾಟ್‌ಫಾರ್ಮಿಗೆಲ್ಲ ಕೇಳುವಂತೆ ಕೂಗಾಡಿದ. ಜನ ಸೇರಿದರು. ಕಲಾವತಿ ಬಾಗಿಲು ಬಿಟ್ಟು ಕದಲಲಿಲ್ಲ, ಕಣ್ಣೀರನ್ನೂ ಒರೆಸಿಕೊಳ್ಳಲಿಲ್ಲ. ಕೊನೆಗೆ ವಿಜಯಾ ಅವಳ ಪಕ್ಕದಿಂದ ನುಸುಳಿ ಒಳಗೆ ಹೋಗಿ ಅಪ್ಪನ ಕೈ ಹಿಡಿದಳು. ಮನೆಗೆ ಹೋಗೋಣವೆಂದಳು. ಎಂಥ ಮಾತಿಗೂ ಬಗ್ಗದವನು ಮಗಳ ಹಿಂದೆ ಹೋದ. ದಾರಿಯುದ್ದಕ್ಕೂ ಮೆರವಣಿಗೆಯ ಆನೆಯ ಬಗ್ಗೆ ಅವಳಿಗೆ ವಿವರಿಸುತ್ತಿದ್ದ.

ಡಾಕ್ಟರು ಬಂದು ಸೂಜಿ ಚುಚ್ಚಿದರು. ನಾಡು ಒಂದಾದ ದಿನ ಕ್ವಾರ್ಟರ್ಸಿನಲ್ಲಿ ಹಣತೆ ಹಚ್ಚಿ ಸಿಹಿ ಹಂಚಿದಾಗ ಅವನಿಗೆ ಎಚ್ಚರವಿರಲಿಲ್ಲ. ಚಳಿಗಾಲ ಬರುತ್ತಲೇ, ಡಾಕ್ಟರು ಮೊದಲೇ ಎಚ್ಚರಿಸಿದ್ದಂತೆ, ಅದೇ ಜಡ್ಡಿನ ಇನ್ನೊಂದು ಬಗೆ ಶುರುವಾಯಿತು. ಏಳಲಾರ, ಉಣ್ಣಲಾರ, ಮಾತಾಡಲಾರ. ತಾಯಿ ಮಗಳು ಪಾಳಿಯ ಮೇಲೆ ಅವನ ಹತ್ತಿರ ಕೂತರು. ಒಬ್ಬನನ್ನೇ ಬಾವಿಯ ಕಡೆ ಬಿಡಲಿಲ್ಲ. ಆಸ್ಪತ್ರೆಯಲ್ಲೂ ಕೆಲವು ವಾರ ಇದ್ದು ಬಂದ. ವೇಣುಗೋಪಾಲರು ಹೇಳಿದ್ದೇ ನಿಜವಾಯಿತು. ಗಾಡಿ ಬಿಡುವ ಕೆಲಸ ಮತ್ತೆ ಸಿಗಲಿಲ್ಲ. ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತನ ಜಾಗ ಕೊಟ್ಟರು. ಬಸವಂತ ಅಲ್ಲಿಗೆ ದಿನವೂ ಹೋಗಿ ಬಂದ. ಕಲಾವತಿಯೊಂದಿಗೆ ಅವನ ಮಾತು ಉಪ್ಪು, ಸಾರು, ಬಿಸಿನೀರಿನ ಆಚೆ ದಾಟಲಿಲ್ಲ.

ಮರುವರ್ಷದ ಬೇಸಿಗೆಯ ಒಂದು ಮುಂಜಾನೆ ಬಸವಂತ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಹೆರೆಯುತ್ತಿದ್ದ. ಕಲಾವತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಯಾವುದೋ ಹಾಡನ್ನು ಬಾಯೊಳಗೇ ಗುನುಗತೊಡಗಿದ. ಅವಳ ಕೈ ರೊಟ್ಟಿಯ ಮೇಲೆ ನಿಂತಿತು.

ಬಡಿಯುವ ಸದ್ದು ನಿಂತದ್ದು ಅವನಿಗೂ ಕೇಳಿಸಿತು. ಹಾಡು ನಿಲ್ಲಿಸಿದ. ಕನ್ನಡಿಯಲ್ಲಿ ಸ್ವಲ್ಪ ಹೊತ್ತು ಅವಳ ಬೆನ್ನನ್ನು ನೋಡಿದ.

"ರಾತ್ರಿ ಚಲೋ ನಿದ್ದಿ ಬಂದಿತ್ತು, ಕಲಾವತಿ," ಎಂದ.

ಅವಳು ತಿರುಗಲಿಲ್ಲ. ಹಿಟ್ಟು ಮುಟ್ಟಿಕೊಂಡು ಮತ್ತೆ ಬಡಿಯತೊಡಗಿದಳು. ತುಸು ಹೊತ್ತಿನ ಮೇಲೆ ಕಿಟಕಿಯ ಕಡೆಯಿಂದ ಗುನುಗು ಮತ್ತೆ ಕೇಳಿಸಿತು, ಮೊದಲಿಗಿಂತ ಮೆಲ್ಲಗೆ. ಹಂಚಿನ ಮೇಲೆ ರೊಟ್ಟಿ ಉಬ್ಬಿತು.