ಫೆಲೋಶಿಪ್ಪಿಗೆ ಆರು ಹೆಗ್ಗೆಣಸು

“ನಿಮ್ಮ ಕಷ್ಟದ ಬಗ್ಗೆ ಇನ್ನೂರು ಪದ ಬರೀರಿ ಅಂದಿದ್ವಿ. ನೀವು ನೂರಾ ನಲವತ್ತೇ ಬರೆದಿದ್ದೀರಿ,” ಎಂದಳು ಶ್ರೀಮತಿ ಪೆಂಡ್ರೆ, ನನ್ನ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು. “ಇನ್ನೂ ಸ್ವಲ್ಪ ಕಷ್ಟ ಇಲ್ವಾ?”

ಉಳಿದ ಅರವತ್ತು ಪದದ ಕಷ್ಟ ನನ್ನ ಎದುರಿಗೇ ಕೂತಿದೆ ಎಂಬ ಮಾತು ಬಾಯಿಗೆ ಬಂತು. “ಇದೆ ಮೇಡಂ, ಸೇರಿಸ್ತೀನಿ,” ಎಂದೆ.

ಅವಳು ಮೊಣಕೈ ಊರಿದ್ದ ಮೇಜನ್ನು ಆವತ್ತು ಬೆಳಿಗ್ಗೆ ಒರೆಸಿದವಳು ನಾನೇ. ಐದರಿಂದ ಎಂಟರವರೆಗೆ ಈ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಕಸ ಗುಡಿಸುತ್ತೇನೆ. ಒಂಬತ್ತಕ್ಕೆ ಬಟ್ಟೆ ಬದಲಿಸಿ ಅದೇ ವಿಭಾಗದ ಸಂಶೋಧಕಿಯಾಗುತ್ತೇನೆ. ಹೆಸರು ನೆರಿಡಾ ಟೊಂಗೋವಾ, ವಯಸ್ಸು ನಲವತ್ತೊಂದು. ಸರ್ಕಾರದ ವಿದ್ಯಾರ್ಥಿವೇತನ ಮಾರ್ಚಿಗೆ ನಿಂತಿತು, ಪ್ರಬಂಧದಲ್ಲಿ ಇನ್ನೂ ಎರಡು ಅಧ್ಯಾಯ ಬಾಕಿ. ಪೆಂಡ್ರೆ ಪ್ರತಿಷ್ಠಾನದ ಆರು ತಿಂಗಳ ಫೆಲೋಶಿಪ್ ಸಿಕ್ಕರೆ ಮುಗಿಯುತ್ತದೆ. ಸಿಗದಿದ್ದರೆ ನಾನು ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿಗೆ ಪೂರ್ತಿ ಪಾಳಿಗೆ ಸೇರಬೇಕು, ಪ್ರಬಂಧ ಮಂಚದ ಕೆಳಗೆ ಸೇರುತ್ತದೆ. ನಮ್ಮ ಮನೆಯಲ್ಲಿ ಹಾಗೆ ಮಂಚದ ಕೆಳಗೆ ಸೇರಿದ ಆಸೆಗಳು ಬೇಕಾದಷ್ಟಿವೆ.

ಕ್ವೀನ್ಸ್‌ಲ್ಯಾಂಡಿನ ಈ ಕರಾವಳಿಗೆ ಕಬ್ಬು ಕಡಿಯಲೆಂದು ನೂರು ವರ್ಷಕ್ಕೂ ಹಿಂದೆ ದೂರದ ದ್ವೀಪಗಳಿಂದ ಹಡಗಿನಲ್ಲಿ ತುಂಬಿ ತಂದ ನಮ್ಮವರ ಹೆಸರಿಲ್ಲದ ಗೋರಿಗಳು, ಇದು ನನ್ನ ವಿಷಯ. ಗೋರಿಗಳಲ್ಲಿ ಅರ್ಧದಷ್ಟು ಇರುವುದು ಪೆಂಡ್ರೆಯವರ ಜಮೀನಿನಲ್ಲೇ. ಅವನ್ನು ಹುಡುಕಲು ದುಡ್ಡು ಕೊಡುವವರೂ ಪೆಂಡ್ರೆಯವರೇ. ಇಂಥ ಉದಾರತೆ ಬೇರೆಲ್ಲಿ ಸಿಕ್ಕೀತು ಹೇಳಿ.

“‘ಎಳೆದು ತಂದರು’ ಅಂತ ಬರೆದಿದ್ದೀರಿ,” ಎಂದಳು ಅವಳು. “‘ವಲಸೆ ಬಂದರು’ ಅಂದ್ರೆ ಆಗಲ್ವಾ? ನಮ್ಮ ಮುತ್ತಜ್ಜ ತುಂಬಾ ಮೃದು ಮನುಷ್ಯ.”

“ಯಾವ ಮುತ್ತಜ್ಜ ಮೇಡಂ?”

“ಹಡಗು ಇಟ್ಟಿದ್ದೋರು.”

ಆಯ್ಕೆ ಸಮಿತಿಯವನಾಗಿ ಅವಳ ಪಕ್ಕದಲ್ಲಿ ಕೂತಿದ್ದ ನನ್ನ ಮಾರ್ಗದರ್ಶಕ ಪ್ರೊಫೆಸರ್ ಲಾಕ್ಯರ್ ಕೆಮ್ಮಿದ. “ನೆರಿಡಾ ಅದನ್ನೆಲ್ಲ ತಿದ್ದಿಕೊಳ್ತಾಳೆ,” ಎಂದ, ನನ್ನ ಪರವಾಗಿ. ನನ್ನ ಪರವಾಗಿ ಅವನು ಮಾತಾಡಿದ್ದು ಅಷ್ಟೇ.

ಬುಧವಾರ ಪತ್ರ ಬಂತು. ಫೆಲೋಶಿಪ್ ನನಗೇ! ಷರತ್ತು ಎರಡು ಪುಟ. ಕಬ್ಬಿನ ಗದ್ದೆಯ ಮುಂದೆ ನಿಂತು ಎರಡು ನಿಮಿಷದ ಧನ್ಯವಾದದ ವಿಡಿಯೊ ಮಾಡಿ ಕೊಡಬೇಕು, ‘ಸಾಧ್ಯವಾದಷ್ಟು ಸಹಜವಾದ ನಗುವಿನೊಂದಿಗೆ’. ನಾನು ಅಡುಗೆಮನೆಯಲ್ಲಿ ಕುಣಿದೇಬಿಟ್ಟೆ. ನಾಚಿಕೆಯೇನಿಲ್ಲ, ಸಿಕ್ಕಿದಾಗ ಕುಣಿಯಬೇಕು.

ನನ್ನ ಸೋದರತ್ತೆ ಎಫೀ ಕುಣಿಯಲಿಲ್ಲ. ಎಪ್ಪತ್ಮೂರರ ಮುದುಕಿ, ಹನ್ನೊಂದನೆಯ ವಯಸ್ಸಿಗೆ ತಾಯಿ ಕಳಕೊಂಡ ನನ್ನನ್ನು ಸಾಕಿದವಳು.

“ಸುಮ್ಕೆ ಕೊಡ್ತವ್ರಾ?” ಎಂದಳು.

“ಓದಕ್ಕೆ ಕೊಡೋದು ಅತ್ತೆ.”

“ಓದಕ್ಕೋ, ಕುಣಿಯಕ್ಕೋ. ಈಸ್ಕಂಡ್ಮೇಲೆ ನಾವೂ ಕೊಡ್ಬೇಕು ಕಣೇ. ಇಲ್ದಿದ್ರೆ ಅವ್ರು ಮ್ಯಾಲೆ, ನಾವು ಕೆಳ್ಗೆ. ನಮ್ಮ ಪೈಕಿ ಯಾರಾರ ಬರಿಗೈಲಿ ಈಸ್ಕಂಡಿದ್ದು ಕಂಡಿದ್ದೀಯಾ?”

ನಮ್ಮ ದ್ವೀಪದವರಲ್ಲಿ ಮದುವೆಗೂ ಇದೇ, ಸಾವಿಗೂ ಇದೇ. ಒಬ್ಬರು ಕೊಟ್ಟರೆ ವಾರದೊಳಗೆ ಇನ್ನೊಬ್ಬರು ಹೆಗ್ಗೆಣಸು, ಚಾಪೆ ಹೊತ್ತು ಹೋಗಬೇಕು. ಅವರು ತೆಗೆದುಕೊಂಡರೆ ಇಬ್ಬರೂ ಸಮ. ತಿರುಗಿ ಕಳಿಸಿದರೆ ಸಂಬಂಧ ಮುರಿಯಿತು. ಅವರದನ್ನು ಅವರು, ನಮ್ಮದನ್ನು ನಾವು ಎತ್ತಿಕೊಳ್ಳಬೇಕು. ವಿಶ್ವವಿದ್ಯಾಲಯದಲ್ಲಿ ಇದೆಲ್ಲ ನಡೆಯುವುದಿಲ್ಲ ಎಂದು ನಾನು ಹೇಳಬೇಕಿತ್ತು. ಸಂತೋಷದಲ್ಲಿ ಬುದ್ಧಿ ಕೆಟ್ಟಿತ್ತು, ಹೇಳಲಿಲ್ಲ.

ಗುರುವಾರ ಅತ್ತೆ ಹೂವಿನ ಚಿತ್ತಾರದ ಉದ್ದನೆಯ ಗೌನು ತೊಟ್ಟು, ಹಿತ್ತಲಲ್ಲಿ ಬೆಳೆದ ತೋಳುದ್ದದ ಆರು ಹೆಗ್ಗೆಣಸು, ತಾನೇ ಹೆಣೆದ ಕೇದಗೆ ಓಲೆಯ ಚಾಪೆ ಹೊತ್ತು ಇತಿಹಾಸ ವಿಭಾಗಕ್ಕೆ ಹೋದಳು. ಗೆಣಸು ಪ್ರೊಫೆಸರನಿಗೆ, ಚಾಪೆ ಪೆಂಡ್ರೆಯಮ್ಮನಿಗೆ. ಲಾಕ್ಯರ್ ಎರಡೂ ಕೈ ಚಾಚಿ ತೆಗೆದುಕೊಂಡನಂತೆ, ಫೋಟೊ ಕೂಡ ತೆಗೆಸಿಕೊಂಡನಂತೆ.

ಶುಕ್ರವಾರ ಬೆಳಿಗ್ಗೆ ನನಗೆ ಕರೆ ಬಂತು. ಉಡುಗೊರೆ ನಿಯಮ ನೋಡಿಕೊಳ್ಳುವ ಅಧಿಕಾರಿ ಕಿರ್ಸ್ಟನ್ ಆರು ಗೆಣಸನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸೀಲು ಒತ್ತಿ, ನಂಬರು ಬರೆದು ಮೇಜಿನ ಮೇಲೆ ಸಾಲಾಗಿ ಮಲಗಿಸಿದ್ದಳು. ಕೊಲೆಯಾದವರ ಹಾಗೆ ಕಾಣುತ್ತಿದ್ದವು.

“ಆಯ್ಕೆ ಸಮಿತಿಯ ಸದಸ್ಯರಿಗೆ ನಿಮ್ಮ ಸಂಬಂಧಿಕರು ಉಡುಗೊರೆ ಕೊಟ್ಟಿದ್ದಾರೆ. ಇದು ಪ್ರಭಾವ ಬೀರೋ ಪ್ರಯತ್ನ.”

“ಗೆಣಸು ಮೇಡಂ. ಬೇಯಿಸಿ, ತೆಂಗಿನ ಹಾಲು ಹಾಕ್ಕೊಂಡು ತಿನ್ನೋದು.”

“ಮಾರುಕಟ್ಟೆ ಬೆಲೆ ಎಷ್ಟು?”

“ನಾವು ಮಾರಲ್ಲ.”

“ಬೆಲೆ ಗೊತ್ತಿಲ್ಲದ ಉಡುಗೊರೆ ಅಂದ್ರೆ ಇನ್ನೂ ಗಂಭೀರ,” ಎಂದು ಬರೆದುಕೊಂಡಳು.

“ಚಾಪೆ ಎಲ್ಲಿ ಮತ್ತೆ?”

“ಅದನ್ನ ಪ್ರತಿಷ್ಠಾನದವರು ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕ್ತಾರೆ. ಅದು ಸಂಸ್ಕೃತಿ.”

ಗೋಡೆಗೆ ಒಗ್ಗುವುದು ಸಂಸ್ಕೃತಿ, ಹೊಟ್ಟೆಗೆ ಒಗ್ಗುವುದು ಲಂಚ ಎಂದು ನನಗೆ ಗೊತ್ತಾದದ್ದು ಆವತ್ತೇ. ವಿಚಾರಣೆ ಮುಗಿಯುವವರೆಗೆ ಫೆಲೋಶಿಪ್ ತಡೆಹಿಡಿಯಲಾಗಿದೆ ಎಂದಳು. ಎಷ್ಟು ದಿನ ಎಂದರೆ ಗೊತ್ತಿಲ್ಲ ಎಂದಳು. ಗೆಣಸನ್ನು ನನ್ನ ತೋಳಿಗೆ ಪೇರಿಸಿ ವಾಪಸ್ ಪಡೆದದ್ದಕ್ಕೆ ರುಜು ಹಾಕಿಸಿಕೊಂಡಳು.

ಅತ್ತೆ ಕೆಳಗೆ ಕಾರಿನಲ್ಲಿ ಕಾಯುತ್ತಿದ್ದಳು. ಚೀಲಗಳನ್ನು ಕಂಡದ್ದೇ ಬಾಗಿಲು ದೂಡಿ ಇಳಿದಳು.

“ಬೋಳಿಮಕ್ಳು! ತಿರುಗಿ ಕಳಿಸವ್ರಾ? ಅಂಗಾರೆ ಮುರೀತು. ಅವ್ರುದ್ದು ಅವ್ರಿಗೆ, ನಮ್ದು ನಮ್ಗೆ. ನಡಿ, ತಗಂಡು ಬರಾನ.”

“ನಮ್ದು ಅಲ್ಲೇನೈತೆ ಅತ್ತೆ? ಚಾಪೆನಾ?”

“ಚಾಪೆ ಹಾಳಾಗೋಗ್ಲಿ. ನಮ್ಮವ್ವನ ದನಿ.”

ಮೂವತ್ತು ವರ್ಷದ ಹಿಂದೆ ಲಾಕ್ಯರ್ ಕೂಡ ಸಂಶೋಧನಾ ವಿದ್ಯಾರ್ಥಿ. ವಿದ್ಯಾರ್ಥಿವೇತನ ಸಾಲದೆ ಎರಡು ವರ್ಷ ನಮ್ಮಜ್ಜಿ ಮೇಬಲ್‌ಳ ಅಡುಗೆಮನೆಯಲ್ಲಿ ಉಂಡ, ನಮ್ಮ ಜಗಲಿಯಲ್ಲಿ ಮಲಗಿದ. ಯಾರನ್ನು ಎಲ್ಲಿ ಹೂತರು ಎಂದು ಅಜ್ಜಿ ಹೇಳಿದ್ದನ್ನೆಲ್ಲ ಇಪ್ಪತ್ತೆರಡು ಕ್ಯಾಸೆಟ್ಟಿಗೆ ತುಂಬಿಕೊಂಡ. ಕ್ಯಾಸೆಟ್ಟಿನಿಂದ ಪುಸ್ತಕ ಬಂತು, ಪುಸ್ತಕದಿಂದ ಕುರ್ಚಿ ಬಂತು. ಈಗ ಆ ಕ್ಯಾಸೆಟ್ಟುಗಳು ಅವನ ಕೋಣೆಯ ಗಾಜಿನ ಬೀರುವಿನಲ್ಲಿವೆ. ಆ ಗಾಜಿನ ಧೂಳು ಒರೆಸಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಒಳಗಿರುವುದನ್ನು ಕೇಳಬೇಕಾದರೆ ಮಾತ್ರ ಅರ್ಜಿ ಹಾಕಬೇಕು: ವಾರಕ್ಕೊಂದು ಗಂಟೆ, ಹೆಡ್‌ಫೋನ್ ಸಿಕ್ಕಿಸಿಕೊಂಡು, ನಕಲು ಮಾಡುವ ಹಾಗಿಲ್ಲ. ಅಜ್ಜಿ ಗೋರಿಗಳ ಮಾತು ನಡುವೆ ಬಿಟ್ಟು, ನನ್ನ ಹೆಸರು ಹಿಡಿದು ‘ಪಾತ್ರೆ ಎತ್ತಿಡೇ’ ಎಂದು ಗದರುವ ಕಡೆ ನಾನು ಪ್ರತಿ ಸಲವೂ ಅತ್ತಿದ್ದೇನೆ.

ನಾವು ಮೇಲೆ ಹೋದಾಗ ಲಾಕ್ಯರ್ ತನ್ನ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದ. “ಓ, ಎಫೀ! ಬನ್ನಿ ಬನ್ನಿ. ಗೆಣಸಿನ ವಿಷಯ ಕೇಳಿ ಬೇಜಾರಾಯ್ತು. ಏನ್ಮಾಡೋದು, ನಿಯಮ...”

“ನಿನ್ ನಿಯಮಕ್ಕಿಷ್ಟು ಬೆಂಕಿ ಹಾಕ! ನಮ್ಮವ್ವ ಬೇಯ್ಸಿದ ಗೆಣ್ಸು ಎರಡು ವರ್ಸ ತಿಂದಲ್ಲೋ ಮುಂಡೇಗಂಡ, ಆಗ ಯಾವ ಚೀಲಕ್ಕಾಕಿ ಸೀಲು ಒತ್ತಿದ್ದೆ?”

ಪ್ರೊಫೆಸರನ ಕಿವಿ ಕೆಂಪಾಯಿತು. ಅತ್ತೆ ಬೀರುವಿನ ಬಾಗಿಲು ತೆರೆದು ಕ್ಯಾಸೆಟ್ಟಿನ ಮರದ ಪೆಟ್ಟಿಗೆಯನ್ನು ಎಳೆದು ಎದೆಗೆ ಒತ್ತಿಕೊಂಡಳು.

“ಎಫೀ, ಅದು ವಿಶ್ವವಿದ್ಯಾಲಯದ ಆಸ್ತಿ. ನಿಮ್ಮ ತಾಯಿ ಒಪ್ಪಿಗೆ ಪತ್ರಕ್ಕೆ ರುಜು ಹಾಕಿದ್ದಾರೆ.”

“ನಮ್ಮವ್ವಂಗೆ ರುಜು ಹಾಕಕ್ಕೆ ಬತ್ತಿರ್ನಿಲ್ಲ ಕಣೋ.”

“ಅಲ್ಲ, ಗುರುತು... ಗುರುತು ಹಾಕಿದ್ದಾರೆ.”

“ಉಣ್ಣಕ್ಕಿಕ್ಕಿದ ಕೈ ಹಿಡ್ಕಂಡು ಗೀಟು ಎಳಿಸ್ದೆ ಅನ್ನು.”

ಅವನು ಫೋನೆತ್ತಿ ಸೆಕ್ಯುರಿಟಿಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದ. “ನೆರಿಡಾ, ನೀವು ತಿಳಿದವರು. ಪೆಟ್ಟಿಗೆ ಕೆಳಗಿಡೋಕೆ ಹೇಳಿ. ಕಿರ್ಸ್ಟನ್ ಹತ್ರ ನಾನೇ ಮಾತಾಡ್ತೀನಿ, ಗೆಣಸಿನ ಕಥೆ ಇವತ್ತೇ ಮುಗಿಯುತ್ತೆ. ಸೋಮವಾರದಿಂದ ಫೆಲೋಶಿಪ್ ಚಾಲೂ. ಎರಡೇ ಅಧ್ಯಾಯ ಅಲ್ವಾ? ಇಲ್ಲಾಂದ್ರೆ ಫೆಲೋಶಿಪ್ಪೂ ಇಲ್ಲ, ನಿಮ್ಮ ಬೆಳಗಿನ ಕೆಲಸವೂ ಉಳಿಯಲ್ಲ.”

ನನಗೆ ಆಸೆಯಾಯಿತು. ಸುಳ್ಳೇಕೆ ಹೇಳಲಿ? ನಾಲ್ಕು ವರ್ಷ ಒದ್ದೆ ಬಟ್ಟೆ ಹಿಂಡಿದ ಕೈಯಲ್ಲೇ ಟಿಪ್ಪಣಿ ಬರೆದಿದ್ದೆ. ನನ್ನ ಹೆಸರಿಗೆ ಡಾಕ್ಟರ್ ಎಂದು ಸೇರಿಸಿ ಅತ್ತೆ ಚರ್ಚಿನ ಅಂಗಳದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುವುದನ್ನು ನೆನೆದು ಒಬ್ಬಳೇ ನಕ್ಕಿದ್ದೆ. ಸೋಮವಾರಕ್ಕೆ ಇದ್ದದ್ದು ಮೂರೇ ದಿನ.

ಪೆಟ್ಟಿಗೆ ಭಾರವಾಗಿತ್ತು, ಅತ್ತೆ ಅದನ್ನು ಸೊಂಟಕ್ಕೆ ಆನಿಸಿಕೊಂಡಳು. ಅವಳು ನನ್ನ ಮುಖವನ್ನೇ ನೋಡಿದಳು.

“ನಿನ್ ಓದು ಕಣವ್ವ. ನೀನೇ ಯೋಳು. ಇಡು ಅಂದ್ರೆ ಇಟ್ಬುಡ್ತೀನಿ.”

ನಾನು ಹೋಗಿ ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದೆ.

“ನೆರಿಡಾ! ನಿಮ್ಮ ಭವಿಷ್ಯ...”

“ಪಕ್ಕಕ್ಕೆ ನಿಲ್ಲಿ ಸಾರ್. ನಿಮ್ಮ ಪುಸ್ತಕದ ಆಕರ ಹೋಗ್ತಾ ಇದೆ.”

ಅವನು ಬೆನ್ನಿಗೇ ಬಂದ. “ಹುಷಾರು, ಬೀಳಿಸಬೇಡಿ, ಅಮೂಲ್ಯವಾದದ್ದು,” ಎನ್ನುತ್ತಲೇ ಇದ್ದ. ಅಜ್ಜಿಯ ಬಗ್ಗೆ ಅವನಿಗೆ ಅಷ್ಟು ಕಾಳಜಿ ಇದ್ದದ್ದು ಅವಳ ಹೆಣ ಎತ್ತುವ ದಿನವೂ ಕಂಡಿರಲಿಲ್ಲ. ಆ ದಿನ ಅವನು ಬಂದಿರಲೇ ಇಲ್ಲ.

ಮೆಟ್ಟಿಲ ತಿರುವಿನಲ್ಲಿ ಸೆಕ್ಯುರಿಟಿಯವನು ಏದುಸಿರು ಬಿಡುತ್ತ ಎದುರಾದ. ಎರಡೂ ಕೈ ಅಡ್ಡ ಹಿಡಿದ.

“ನಿಲ್ಲಿ. ಪೆಟ್ಟಿಗೇಲಿ ಏನಿದೆ?”

“ನಮ್ಮವ್ವ,” ಎಂದಳು ಅತ್ತೆ. “ಕೈ ತೆಗಿ.”

ಅವನು ಕೈ ತೆಗೆಯಲಿಲ್ಲ. ನಾವು ಇಳಿಯುತ್ತಲೇ ಇದ್ದೆವು.