ಸಹಿ ಹಾಕದ ರಾಮಾಂಜಿನಪ್ಪ

ಸೀಗೆಕಟ್ಟೆಯ ರಾಮಾಂಜಿನಪ್ಪನವರು ರಸ್ತೆಯ ಅಂಚಿನಲ್ಲಿ ನಡೆದದ್ದನ್ನು ಕಂಡವರಿಲ್ಲ. ಅರವತ್ತಮೂರು ವರ್ಷದ, ಒಣಗಿ ಗಟ್ಟಿಯಾದ ಆ ಮನುಷ್ಯ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ದಾರಿಯ ನಟ್ಟನಡುವೆ ದಿಬ್ಬಣದ ಮುಂದಾಳಿನ ಗಾಂಭೀರ್ಯದಿಂದ ನಡೆಯುತ್ತಿದ್ದರು. ಹಿಂದೆ ಕಾರೊಂದು ಬಂದು ಹಾರನ್ ಹೊಡೆದರೆ ನಿಂತು, ತಿರುಗಿ, ಒಳಗಿರುವವರ ಮುಖವನ್ನು ಸಾವಧಾನವಾಗಿ ನೋಡಿ, ಆಮೇಲೆ ಒಂದೇ ಒಂದು ಹೆಜ್ಜೆ ಎಡಕ್ಕೆ ಸರಿಯುತ್ತಿದ್ದರು. ಪೆಟ್ರೋಲಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಕೊಡಬೇಕಾಗಿಲ್ಲ ಎಂಬುದು ಅವರ ಮತ. ಶ್ರೀಧರನಿಗೆ ಅವರ ಪರಿಚಯವಾದದ್ದೂ ಹೀಗೆಯೇ. ಏಳು ವರ್ಷದ ಹಿಂದೆ, ಹೊಸ ವಿಲ್ಲಾಕ್ಕೆ ಬಂದ ಮೊದಲ ವಾರ, ಆಫೀಸಿಗೆ ತಡವಾಯಿತೆಂದು ಹಾರನ್ ಹೊಡೆದವನು ಅವನೇ. ಅವರು ಕಿಟಕಿಗೆ ಬಾಗಿ, "ಅದಿರ್ಲಿ, ಊಟ ಆಯ್ತೇನಪ್ಪ?" ಎಂದು ಕೇಳಿದ್ದರು. ಬೆಳಗಿನ ಎಂಟು ಗಂಟೆಗೆ ಊಟದ ಮಾತು ಕೇಳಿ ಆ ಸಾಫ್ಟ್‌ವೇರ್ ಟೆಸ್ಟರನ ಕೈ ಹಾರನ್ ಮೇಲಿಂದ ತಾನಾಗಿ ಕೆಳಗಿಳಿಯಿತು.

"ಅದಿರ್ಲಿ" ಎಂಬುದು ಅವರ ಮಾತಿನ ಹೊಸ್ತಿಲು. ಅದನ್ನು ದಾಟದೆ ಅವರ ಯಾವ ವಾಕ್ಯವೂ ಹೊರಗೆ ಬರುವುದಿಲ್ಲ. ಅದಕ್ಕೂ ಮುಂಚೆ ಯಾರಾದರೂ ಏನಾದರೂ ಹೇಳಿರಬೇಕೆಂಬ ನಿಯಮವಿಲ್ಲ.

ಸೀಗೆಕಟ್ಟೆಯಿಂದ ಜಿಗಣಿಯ ಕಾರ್ಖಾನೆಗಳ ಕಡೆಗೆ ಒಂದು ಹಳೆಯ ಬಂಡಿದಾರಿಯಿದೆ. ಮೊದಲು ಅದರ ಎರಡೂ ಬದಿಗೆ ರಾಗಿಹೊಲವಿತ್ತು. ಈಗ ಒಂದೇ ಅಚ್ಚಿನಲ್ಲಿ ತೆಗೆದಂಥ ನಲವತ್ತೆಂಟು ವಿಲ್ಲಾಗಳು, ಸುತ್ತ ಕಾಂಪೌಂಡು, ದಾರಿಯ ಎರಡು ತುದಿಗೂ ಗೇಟು. ಗೇಟು ಹಗಲಿಡೀ ತೆರೆದಿರುತ್ತಿತ್ತು. ಪಕ್ಕದ ಗೂಡಿನಲ್ಲಿ ಮಾತ್ರ ಒಂದು ಉದ್ದನೆಯ ಪುಸ್ತಕ, ದಾರಕ್ಕೆ ಕಟ್ಟಿದ ಪೆನ್ನು. ಹೊರಗಿನವರು ಹೆಸರು, ಫೋನ್ ನಂಬರು, ಬಂದ ಕಾರಣ ಬರೆದು ಸಹಿ ಹಾಕಿ ಹೋಗಬೇಕು. ಒಂಬತ್ತು ವರ್ಷ, ದಿನಾ ಸಂಜೆ ಐದಕ್ಕೆ, ರಾಮಾಂಜಿನಪ್ಪ ಆ ದಾರಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹಿಂದಿರುಗುತ್ತಿದ್ದರು. ಆ ಕಡೆ ಅವರಿಗೆ ಕೆಲಸವೇನೂ ಇರಲಿಲ್ಲ. ತುಳಿಯದೆ ಬಿಟ್ಟ ದಾರಿ ಒಂದು ದಿನ ಯಾರದೋ ತೋಟವಾಗುತ್ತದೆ ಎಂಬ ಭಯವೊಂದೇ ಅವರನ್ನು ನಡೆಸುತ್ತಿತ್ತು. ಪುಸ್ತಕಕ್ಕೆ ಮಾತ್ರ ಒಂದು ದಿನವೂ ಸಹಿ ಹಾಕಿದವರಲ್ಲ. ಕೇಳಿದ ಸೆಕ್ಯುರಿಟಿಯವರಿಗೆಲ್ಲ ಒಂದೇ ಉತ್ತರ: "ಅದಿರ್ಲಿ, ನೀನು ನಿಮ್ಮನೇಲಿ ಅಡುಗೆಮನೆಗೆ ಓಗೋವಾಗ ಸೈನ್ ಆಕ್ತೀಯೇನಪ್ಪ?" ಅವರನ್ನು ಕೇಳಲಾರದೆ, ಅವರನ್ನು ಬಿಟ್ಟು ಉಳಿದವರನ್ನು ಕೇಳಲು ನಾಚಿ, ಸೆಕ್ಯುರಿಟಿಯವರು ಶಿಫ್ಟು ಮುಗಿಸಿ ಬರುವ ಇನ್ನೂರು ಜನರನ್ನೂ ಸುಮ್ಮನೆ ಬಿಡುತ್ತಿದ್ದರು. ಆ ದಾರಿ ಇಲ್ಲದಿದ್ದರೆ ಅವರೆಲ್ಲ ಲಾರಿಗಳ ನಡುವೆ ಮೂರೂವರೆ ಕಿಲೋಮೀಟರು ಸುತ್ತಬೇಕು.

ಅವರನ್ನು ಹುತಾತ್ಮರನ್ನಾಗಿ ಮಾಡುವ ಅಗತ್ಯವಿಲ್ಲ. ವಿಲ್ಲಾಗಳು ನಿಂತ ಜಾಗದಲ್ಲಿ ಅವರದೇ ಐದು ಎಕರೆ ಇತ್ತು, ಒಳ್ಳೆಯ ಬೆಲೆಗೆ ಮಾರಿದರು, ಹದಿನಾಲ್ಕು ರೂಮು ಕಟ್ಟಿ ಬಾಡಿಗೆಗೆ ಬಿಟ್ಟರು. ಬಾಡಿಗೆದಾರರು ನಲ್ಲಿ ತೊಟ್ಟಿಕ್ಕಲು ಬಿಟ್ಟರೆ ಬಾಗಿಲ ಮುಂದೆ ನಿಂತು ಊರಿಗೆ ಕೇಳುವಂತೆ ಬೈಯುತ್ತಿದ್ದರು. "ಅದಿರ್ಲಿ, ಒಲ ಮಾರಿದ್ದೀನಿ. ದಾರಿ ಮಾರೋಕೆ ಅದು ನಮ್ಮಪ್ಪಂದಲ್ಲ" ಎಂದು ಹೇಳುವಾಗ ಅವರ ದನಿಯಲ್ಲಿ ದುಃಖದ ಲವಲೇಶವೂ ಇರುತ್ತಿರಲಿಲ್ಲ, ಇದ್ದದ್ದು ಶುದ್ಧ ಹಟ. ಬಿಸಿಲಿರಲಿ ಚಳಿಯಿರಲಿ ತೋಳಿಲ್ಲದ ಒಂದು ಕಂದು ಸ್ವೆಟರು ಹಾಕುತ್ತಿದ್ದರು. ಅದರ ಒಳಮೈಗೆ ಹೆಂಡತಿ ಭಾಗ್ಯಮ್ಮ ಹೊಲಿದುಕೊಟ್ಟ ಬಟ್ಟೆಯ ಜೇಬಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಗ್ರಾಮನಕ್ಷೆಯ ನಕಲು. ಅದರಲ್ಲಿ ಆ ದಾರಿ ಎರಡು ಸಾಲು ಚುಕ್ಕೆಗೆರೆಯಾಗಿ ನೆಟ್ಟಗೆ ಹೋಗುತ್ತದೆ.

ಇಂಥವರನ್ನು ಹನ್ನೆರಡು ದಿನದ ಪ್ರವಾಸಕ್ಕೆ ಹೊರಡಿಸಿದ್ದು ಅಮರಪ್ಪ. ಜಿಗಣಿಯ ಗ್ರಾನೈಟ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಲ್ಲಿಗೆ ಪಾಲಿಶ್ ಹಾಕಿ ನಿವೃತ್ತನಾದ ಬಾಲ್ಯದ ಗೆಳೆಯ. "ಆಂಜಿ, ಸಾಯೋದ್ರೊಳಗೆ ಸಮುದ್ರ ನೋಡ್ಕೊಂಡ್ ಬರಣ ಬಾರಯ್ಯ" ಎಂದು ಎರಡು ವರ್ಷ ದುಂಬಾಲು ಬಿದ್ದಿದ್ದ. ಕೆಲಸ ಬದಲಿಸುವ ನಡುವೆ ಬಿಡುವು ಸಿಕ್ಕಿದ್ದ ಶ್ರೀಧರನೂ ಸೇರಿಕೊಂಡ. ರಾಮಾಂಜಿನಪ್ಪ ಒಪ್ಪುವ ಮೊದಲು ತಮ್ಮ ಬಾಡಿಗೆದಾರ ಹಣಮಂತನನ್ನು ಕರೆದು, ದಿನಾ ಸಂಜೆ ಐದಕ್ಕೆ ಆ ದಾರಿಯಲ್ಲಿ ಹೋಗಿಬರುವ ಕೆಲಸ ಒಪ್ಪಿಸಿದರು. ಬಾಗಲಕೋಟೆ ಕಡೆಯ ಆ ಗಾರೆ ಕೆಲಸದವನು ಸಂತೋಷದಿಂದ ತಲೆಯಾಡಿಸಿದ.

ಹಳೆಯ ಓಮ್ನಿ ವ್ಯಾನು, ಸಣ್ಣ ಗ್ಯಾಸ್ ಸ್ಟೌವು, ಅಕ್ಕಿ, ರಾಗಿಹಿಟ್ಟು, ಹುರುಳಿಕಾಳು. ನಮ್ಮ ಕಡೆಯವರು ಯಾತ್ರೆಗೆ ಹೊರಟರೆ ಅಡುಗೆಮನೆಯೂ ಹೊರಡುತ್ತದೆ. ಮಧುರೆಯಲ್ಲಿ, ರಾಮೇಶ್ವರದಲ್ಲಿ, ರಸ್ತೆ ಪಕ್ಕದ ಹುಣಸೆ ಮರಗಳ ಕೆಳಗೆ ಮುದ್ದೆ ಬೆಂದಿತು. ಕನ್ಯಾಕುಮಾರಿಯಲ್ಲಿ ಮೂರು ಸಮುದ್ರಗಳನ್ನೂ ಬೆವರು ಸುರಿಸುತ್ತ ಅದೇ ಸ್ವೆಟರಿನಲ್ಲಿ ನಿಂತು ನೋಡಿದ ರಾಮಾಂಜಿನಪ್ಪ, "ಅದಿರ್ಲಿ, ಇಷ್ಟಗಲ ಜಾಗಕ್ಕೆ ಇನ್ನೂ ಯಾರೂ ಕಾಂಪೌಂಡು ಆಕಿಲ್ಲವಲ್ಲ" ಎಂದರು. ಆ ದಿನ ಅವರ ಮುಖ ಮಗುವಿನ ಮುಖದಂತಿತ್ತು. ಒಂಬತ್ತು ವರ್ಷದಲ್ಲಿ ಅವರು ಸಂಜೆ ಐದು ಗಂಟೆಯನ್ನು ಮರೆತ ಮೊದಲ ದಿನ ಅದೇ ಇರಬೇಕು ಎಂದು ಶ್ರೀಧರನಿಗೆ ಅನ್ನಿಸಿತು.

ಹನ್ನೆರಡನೆಯ ದಿನ ಮಧ್ಯಾಹ್ನ, ಕೃಷ್ಣಗಿರಿ ದಾಟುವಾಗ, ಶ್ರೀಧರನ ಮೊಬೈಲಿಗೆ ವಿಲ್ಲಾದವರ ಗ್ರೂಪಿನಿಂದ ಒಂದು ಫೋಟೋ ಬಂತು. ಪುಸ್ತಕದ ಪುಟ. ಎಂಟು ದಿನ, ಎಂಟು ಸಹಿ: ಹಣಮಂತ, ಹಣಮಂತ, ಹಣಮಂತ. ಕಾಲಮ್ಮಿನ ಮೇಲೆ 'ವಿಸಿಟರ್' ಎಂದು ಅಚ್ಚಾಗಿದೆ. ಕೆಳಗೆ ಸೆಕ್ರೆಟರಿ ಶೋಭಾರಾಣಿಯವರ ಒಕ್ಕಣೆ: ಹಳ್ಳಿಯವರೇ ವಿಸಿಟರ್ ಎಂದು ಒಪ್ಪಿದ್ದಾರೆ, ಇದು ನಮ್ಮ ಖಾಸಗಿ ರಸ್ತೆ ಎನ್ನಲು ಇಷ್ಟು ಸಾಕೆಂದು ವಕೀಲರು ಹೇಳಿದ್ದಾರೆ, ಮೂರು ದಿನದಿಂದ ಎರಡೂ ಗೇಟಿಗೆ ಬೀಗ ಹಾಕಿದ್ದೇವೆ, ವಿಲ್ಲಾದ ಸ್ಟಿಕರ್ ಇದ್ದ ಗಾಡಿಗಳಿಗೆ ಮಾತ್ರ ಪ್ರವೇಶ. ಅದರ ಕೆಳಗೆ ಮೂವತ್ತೊಂದು ಮೆಚ್ಚುಗೆಯ ಹೆಬ್ಬೆರಳು.

ಶ್ರೀಧರ ಫೋನನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡ. ಸ್ಟೇರಿಂಗು ಹಿಡಿದಿದ್ದ ರಾಮಾಂಜಿನಪ್ಪ ಸಮುದ್ರದ ಉಪ್ಪಿನ ವಿಚಾರ ಮಾತಾಡುತ್ತಿದ್ದರು, ಹಿಂದೆ ಅಮರಪ್ಪ ತಾಳೆಬೆಲ್ಲದ ಬುಟ್ಟಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ಹೊಸೂರಿನಲ್ಲಿ ಹೇಳೋಣವೆಂದುಕೊಂಡ, ಹೊಸೂರು ಕಳೆಯಿತು. ತನ್ನ ಮನೆ ಒಳಗಿದೆ, ಅವರ ಊರು ಆಚೆಗಿದೆ, ತಾನು ಇಬ್ಬರಿಗೂ ಬೇಕಾದವನು ಎಂಬ ಇಷ್ಟು ದಿನದ ಹಿತವಾದ ಸುಳ್ಳು ಒಂದೊಂದೇ ಮೈಲಿಗೆ ಸವೆಯುತ್ತಿತ್ತು. ಅತ್ತಿಬೆಲೆ ಬಂದಾಗ ತಡೆಯಲಾರದೆ ಫೋನನ್ನೇ ಅವರ ಕೈಗೆ ಕೊಟ್ಟ.

ಅವರು ಓಮ್ನಿಯನ್ನು ಪಕ್ಕಕ್ಕೆ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಎಂಟು ಸಹಿಗಳನ್ನೂ ಒಂದೊಂದಾಗಿ ನೋಡಿ, ಹಣಮಂತನಿಗೆ ಫೋನು ಮಾಡಿದರು. ಬೀಗ ಬಿದ್ದ ಸುದ್ದಿ ಹೇಳಲು ಇಷ್ಟು ದಿನ ಹೆದರಿದ್ದವನ ದನಿ ಸ್ಪೀಕರಿನಲ್ಲಿ ಕೇಳಿತು. "ಬುಕ್ಕ ಕೊಟ್ರು, ಸೈನ್ ಮಾಡಿದ್ನಿರೀ ಮಾಲಕರ. ಎಲ್ಲಾ ಸೈಟಿನ್ಯಾಗೂ ಹಂಗ ಮಾಡ್ತೀವಲ್ರೀ. ಮಾಡಬಾರದು ಅಂತ ನೀವು ಹೇಳ್ಲಿಲ್ಲರೀ."

ಅವನ ಮಾತು ನಿಜ. ಬೆಂಗಳೂರಿಗೆ ಬಂದಾಗಿನಿಂದ ಪುಸ್ತಕ ನೀಡದೆ ಅವನನ್ನು ಒಳಗೆ ಬಿಟ್ಟ ಗೇಟು ಒಂದೂ ಇರಲಿಲ್ಲ. ಸಹಿ ಹಾಕುವುದೆಂದರೆ ಅವನಿಗೆ ಚಪ್ಪಲಿ ಬಿಡುವಷ್ಟು ಸಹಜ. ಇತ್ತ ರಾಮಾಂಜಿನಪ್ಪನವರಿಗೆ, ಸ್ವಂತ ಊರಿನ ದಾರಿಗೆ ಸಹಿ ಹಾಕಬಾರದೆಂದು ಒಬ್ಬ ಮನುಷ್ಯನಿಗೆ ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂಬುದು ಹೊಳೆದೇ ಇರಲಿಲ್ಲ. "ನಿನ್ ತಪ್ಪಲ್ಲ ಬುಡಪ್ಪ. ನಂದು" ಎಂದು ಫೋನಿಟ್ಟರು. 'ಅದಿರ್ಲಿ' ಇಲ್ಲದೆ ಅವರು ಮಾತಾಡಿದ್ದನ್ನು ಶ್ರೀಧರ ಮೊದಲ ಸಲ ಕೇಳಿದ್ದ.

ಚಂದಾಪುರ ದಾಟಿ ಜಿಗಣಿ ಕಡೆಗೆ ತಿರುಗಿದಾಗ ಅವನು ಧೈರ್ಯ ಮಾಡಿ ಹೇಳಿದ: "ಯಜಮಾನ್ರೇ, ಇವತ್ತೊಂದಿನ ನನ್ ಗೆಸ್ಟ್ ಅಂತ ಹೇಳ್ತೀನಿ, ಬಿಡ್ತಾರೆ. ಮನೆಗೆ ಹೋಗಿ ಊಟ ಮಾಡಿ, ನಾಳೆ ನೋಡೋಣ."

"ನಮ್ಮೂರಿಗೆ ನಾನು ನಿನ್ ಗೆಸ್ಟಾಗಿ ಓಗ್ಬೇಕೇನಪ್ಪ?"

ಅವರ ದನಿ ಏರಲಿಲ್ಲ. ಶ್ರೀಧರನಿಗೆ ಮಾತ್ರ ಕೆನ್ನೆಗೆ ಬಿದ್ದಂತಾಯಿತು. ಹಿಂದೆ ಎಚ್ಚರವಾಗಿದ್ದ ಅಮರಪ್ಪ, "ಹೇಳ್ಬಾರದ್ದು ಹೇಳ್ದೆ ನೋಡು" ಎಂದು ಗೊಣಗಿದ.

ಕಾರ್ಖಾನೆ ಕಡೆಯ ಗೇಟಿಗೆ ಬಂದಾಗ ಐದೂವರೆ. ಶಿಫ್ಟು ಬಿಟ್ಟಿತ್ತು. ಮೂರು ದಿನದಿಂದ ಸುತ್ತಿ ಸುತ್ತಿ ಬೇಸತ್ತ ಜನ ಇವತ್ತಾದರೂ ಬಿಟ್ಟಾರೇನೋ ಎಂದು ಗೇಟಿನ ಮುಂದೆ ನಿಂತಿದ್ದರು. ಟಿಫಿನ್ ಚೀಲ ಹಿಡಿದ ಹೆಂಗಸರ ನಡುವೆ ಹಣಮಂತನ ಹೆಂಡತಿ ಮಹಾನಂದಾ ಕೂಡ. ಒಳಗಡೆ ಬೀಗದ ಕೈ ಹಿಡಿದು ನಿಂತ ಸೆಕ್ಯುರಿಟಿ ಸಿದ್ರಾಮ ಅಳುಮೋರೆಯಲ್ಲಿ, "ನಾ ಏನ್ ಮಾಡ್ಲಿರೀ ಯಜಮಾನ್ರ, ತೆಗೀಲೇನ್ರೀ?" ಎಂದ.

"ತೆಗೀಬ್ಯಾಡ. ನೀನು ತೆಗೆದ್ರೆ ನಾಳೆ ನಿನ್ನ ಕೆಲಸ ಓಯ್ತದೆ. ಆಕ್ದೋರೇ ಬಂದು ತೆಗೀಲಿ."

ಹೀಗೆಂದವರು ಓಮ್ನಿಯನ್ನು ಗೇಟಿಗೆ ಅಡ್ಡವಾಗಿ ನಿಲ್ಲಿಸಿ, ಹಿಂಬಾಗಿಲು ತೆರೆದು, ಸ್ಟೌವು ಇಳಿಸಿದರು. ಮನೆ ಮುಟ್ಟುವವರೆಗೆ ಯಾತ್ರೆ ಮುಗಿಯುವುದಿಲ್ಲ, ಯಾತ್ರೆ ಮುಗಿಯದಿದ್ದರೆ ಅಡುಗೆ ದಾರಿಯಲ್ಲೇ. ಇದರಲ್ಲಿ ಯಾರು ತಪ್ಪು ಹುಡುಕುತ್ತಾರೆ? ಅಮರಪ್ಪ ಎಸರಿಗಿಟ್ಟ. ಸ್ಟಿಕರ್ ಅಂಟಿಸಿಕೊಂಡ ಕಾರುಗಳು ಒಂದರ ಹಿಂದೊಂದು ಬಂದು ನಿಂತವು, ಹಾರನ್ ಹೊಡೆದವು. ರಾಮಾಂಜಿನಪ್ಪ ಪ್ರತಿ ಕಿಟಕಿಗೂ ಹೋಗಿ, "ಅದಿರ್ಲಿ, ಊಟಕ್ಕೆ ಬನ್ನಿ" ಎಂದು ಕೈಮುಗಿದು ಕರೆದರು. ಹುರುಳಿಸಾರಿನ ಘಮ ನಲವತ್ತೆಂಟು ವಿಲ್ಲಾಗಳ ಕಡೆಗೂ ನಡೆದುಹೋಯಿತು, ಅದನ್ನು ಯಾವ ಪುಸ್ತಕವೂ ತಡೆಯಲಿಲ್ಲ.

ಕೊನೆಗೆ ಶೋಭಾರಾಣಿಯವರು ಬಂದರು. ಅವರು ಕೆಟ್ಟವರಲ್ಲ. ವಿಲ್ಲಾದಲ್ಲಿ ಮೂರು ಸೈಕಲ್ಲು ಕಳುವಾಗಿದ್ದವು, ಅವರ ಮಗಳು ಒಬ್ಬಳೇ ಆಡಲು ಹೆದರುತ್ತಿದ್ದಳು. ಅದನ್ನೆಲ್ಲ ಹೇಳಿಕೊಂಡರು. ರಾಮಾಂಜಿನಪ್ಪ ಪೂರ್ತಿ ಕೇಳಿಸಿಕೊಂಡು, "ಕದ್ದೋನ್ನ ಇಡಿಯೋಕೆ ನಾನೂ ಬತ್ತೀನಿ ತಾಯಿ. ದಾರೀನ ಯಾಕಮ್ಮ ಜೈಲಿಗಾಕ್ತೀರ?" ಎಂದು ಸ್ವೆಟರಿನೊಳಗಿನ ನಕ್ಷೆ ತೆಗೆದು ಬಿಡಿಸಿದರು. ಶೋಭಾರಾಣಿ ನಕ್ಷೆ ನೋಡಲಿಲ್ಲ. ಸಿದ್ರಾಮನ ಗೂಡಿನಿಂದ ಪುಸ್ತಕ ತಂದು ಕಂಬಿಗಳ ನಡುವಿನಿಂದ ಚಾಚಿದರು.

"ನಿಮ್ಮವರೇ ವಿಸಿಟರ್ ಅಂತ ಸೈನ್ ಹಾಕಿದಾರಲ್ಲ ಸಾರ್, ಎಂಟು ದಿನ?"

ರಾಮಾಂಜಿನಪ್ಪ ಬಿಡಿಸಿದ ನಕ್ಷೆಯನ್ನು ಮತ್ತೆ ಮಡಚತೊಡಗಿದರು. ಒಂಬತ್ತು ವರ್ಷದ ನಡಿಗೆ ಎಂಟು ಸಾಲಿನ ಮುಂದೆ ಸೋತು ನಿಂತಿತು. ಅದನ್ನು ನೋಡಲಾರದೆ ಶ್ರೀಧರ ಮುಂದೆ ಬಂದು ಪುಸ್ತಕ ಇಸಿದುಕೊಂಡ. ಎಂಟನೆಯ ಸಹಿಯ ಕೆಳಗೆ, ಗುಂಡಗಿನ ಅಕ್ಷರದಲ್ಲಿ ಬರೆದ: 'ಇವರು ವಿಸಿಟರ್ ಅಲ್ಲ. ಇದು ಸೀಗೆಕಟ್ಟೆಯ ಊರದಾರಿ. ಇದು ನನಗೆ ಗೊತ್ತು. ಶ್ರೀಧರ್, ವಿಲ್ಲಾ ನಂಬರ್ ಹದಿನಾಲ್ಕು.' ಸಹಿ ಹಾಕಿದ.

"ಶ್ರೀಧರ್, ನಿಮ್ಮನೆ ಇರೋದು ಒಳಗೆ" ಎಂದರು ಶೋಭಾರಾಣಿ.

"ಹೌದು ಮೇಡಂ. ದಾರಿ ನನ್ನ ಬಾಗಿಲ ಮುಂದೇನೇ ಹೋಗುತ್ತೆ. ಹೋಗ್ಲಿ."

ಮಹಾನಂದಾ ಬಂದು ಪೆನ್ನು ಕೇಳಿದಳು. "ನನ್ ಗಂಡ ಮಾಡಿದ್ದಕ್ಕ ನಂದೂ ಒಂದ್ ಇರ್ಲಿರೀ." ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಒಬ್ಬ ವೆಲ್ಡರು, ಪುಟ ತುಂಬಿ ಮಗುಚಿತು. ಕಡೆಗೆ ಅಮರಪ್ಪ ತಾನೂ ಹಾಕಿ ಪುಸ್ತಕವನ್ನು ಗೆಳೆಯನ ಮುಂದೆ ಹಿಡಿದ.

"ನಾನ್ ಆಕಲ್ಲ" ಎಂದರು ರಾಮಾಂಜಿನಪ್ಪ. "ನೀವು ಆಕ್ಕೊಳಿ. ನಾನು ಸತ್ರೂ ಆಕಲ್ಲ."

ಜನ ಹೋ ಎಂದು ನಕ್ಕರು. ಕಾರುಗಳ ಸಾಲು ಕಾರ್ಖಾನೆಯ ತಿರುವಿನವರೆಗೆ ಬೆಳೆದಿತ್ತು. ಶೋಭಾರಾಣಿ ಸಿದ್ರಾಮನ ಕೈಯಿಂದ ಬೀಗದ ಕೈ ಇಸಿದುಕೊಂಡು ತಾವೇ ಬೀಗ ತೆಗೆದರು. ಭಾನುವಾರದ ಮೀಟಿಂಗಿನಲ್ಲಿ ತೀರ್ಮಾನವಾಗಲಿ, ಅಲ್ಲಿಯವರೆಗೆ ಮಾತ್ರ, ಎಂದರು. ಆಮೇಲೆ ಎರಡು ಭಾನುವಾರ ಕಳೆದರೂ ತೀರ್ಮಾನವಾಗಿಲ್ಲ. ಬೀಗ ಮಾತ್ರ ಬಿದ್ದಿಲ್ಲ, ಏಕೆಂದರೆ ಈಗ ಸಂಜೆ ಐದಕ್ಕೆ ಯಾರಾದರೂ ನಾಲ್ವರು ಆ ದಾರಿಯಲ್ಲಿ ಇದ್ದೇ ಇರುತ್ತಾರೆ. ಮಂಗಳವಾರ ಮತ್ತು ಶುಕ್ರವಾರ ಶ್ರೀಧರನ ಪಾಳಿ. ಗ್ರೂಪಿನಿಂದ ಅವನನ್ನು ತೆಗೆದುಹಾಕಿದ್ದಾರೆ. "ಒಂದು ಊರಿನ ದಾರೀನ ನನ್ನೊಬ್ಬನ ಕಾಲಿಗೆ ಕಟ್ಕೊಂಡು ಮೆರೆದೆನಲ್ಲ, ಅದು ನನ್ನ ಕೊಬ್ಬು" ಎಂದು ರಾಮಾಂಜಿನಪ್ಪ ಟೀ ಅಂಗಡಿಯಲ್ಲಿ ಒಪ್ಪಿಕೊಂಡರು. ಮರುದಿನವೇ ಪಾಳಿಗೆ ತಡವಾಗಿ ಬಂದವನೊಬ್ಬನನ್ನು ಹಿಗ್ಗಾಮುಗ್ಗಾ ಬೈದರು.

ಇಂಥವರು ಊರಿಗೊಬ್ಬರು ಇರುತ್ತಾರೆ, ಸಹವಾಸಕ್ಕೆ ಸುಲಭದವರಲ್ಲ. ಬದುಕಿನಲ್ಲಿ ಒಂದೇ ಒಂದು ವಿಷಯಕ್ಕೆ ಇಲ್ಲ ಎನ್ನಲು ನಿರ್ಧರಿಸಿ, ಆ ಒಂದು ಇಲ್ಲವನ್ನು ಹಬ್ಬ ಹುಣ್ಣಿಮೆಯೆನ್ನದೆ ಕಾದುಕೊಂಡಿರುತ್ತಾರೆ. ನಾವು ಮೊದಲು ಅವರನ್ನು ಮೊಂಡರೆಂದು ನಗುತ್ತೇವೆ, ಆಮೇಲೆ ದೊಡ್ಡವರೆಂದು ಕೈಮುಗಿಯುತ್ತೇವೆ. ಎರಡೂ ಸಲ ಕೆಲಸವನ್ನು ಅವರ ತಲೆಗೇ ಕಟ್ಟಿ ನಮ್ಮ ಪಾಡಿಗೆ ಮನೆಗೆ ಹೋಗುತ್ತೇವೆ. ಅವರಿಗೆ ನಮ್ಮ ನಗೆಯೂ ಬೇಡ, ನಮಸ್ಕಾರವೂ ಬೇಡ. ಬೇಕಾದದ್ದು ಹನ್ನೆರಡು ದಿನದ ರಜೆ. ಅಷ್ಟು ದಿನ ಅವರ ಜಾಗದಲ್ಲಿ ನಿಲ್ಲಲು ನಾಲ್ಕು ಜನ ಮುಂದೆ ಬಾರದ ಊರಿಗೆ ಬೀಗ ಬಿದ್ದೇ ಬೀಳುತ್ತದೆ.