ನೀರು ಕುಡಿಯಲೊಲ್ಲದ ಬಟ್ಟೆಗಳು

ತಾದೆಯಾಳ ಅಜ್ಜಿ ನೋನಾ ಯುಸ್ತಿನಾ ಹೊಲಿದುಕೊಟ್ಟ ಲಂಗೋಟಿಗಳು ಮಗುವಿಗೆ ಏಳು ತಿಂಗಳಾಗುವ ಹೊತ್ತಿಗೆ ನೀರು ಕುಡಿಯುವುದನ್ನೇ ಬಿಟ್ಟವು. ಮಗು ಬ್ರಿನಾ ಉಚ್ಚೆ ಹೊಯ್ದರೆ ಬಟ್ಟೆ ಮುನಿಸಿಕೊಂಡ ನಾದಿನಿಯ ಹಾಗೆ ಸುಮ್ಮನಿರುತ್ತಿತ್ತು. ಒದ್ದೆಯೆಲ್ಲ ತೊಡೆಸಂದಿಯಿಂದ ಜಾರಿ, ಎತ್ತಿಕೊಂಡವರ ಮಡಿಲು ಸೇರುತ್ತಿತ್ತು. ಹೆಚ್ಚಾಗಿ ಎತ್ತಿಕೊಳ್ಳುತ್ತಿದ್ದವಳು ಅತ್ತೆ ಮಾರ್ಚೆಲಾ. ಬುಧವಾರ ಮಧ್ಯಾಹ್ನದೊಳಗೆ ಮೂರನೆಯ ಏಪ್ರನ್ ಬದಲಿಸಿದ ಅವಳು ಸೊಸೆಯ ಮುಂದೆ ಬಂದು ನಿಂತಳು.

“ನೋಡು ತಾದೆಯಾ, ಶನಿವಾರದ ತನಕ ಸುಮ್ನಿರ್ತೀನಿ. ಆಮೇಲೆ ಇವೆಲ್ಲಾ ನೆಲ ಒರೆಸೋಕೆ. ಮಗೂಗೆ ಅಂಗಡಿ ಡೈಪರ್ ಪ್ಯಾಕೆಟ್ಟೇ ಸರಿ. ನಿನ್ನಜ್ಜಿ ನೆನಪು ನನ್ನ ಮಡಿಲಲ್ಲಿ ಹರೀತಾ ಇರೋದು ಸಾಕು.”

ಇಪ್ಪತ್ತನಾಲ್ಕರಲ್ಲಿ ಎರಡನ್ನು ಅವಳು ಆಗಲೇ ಕಿಟಕಿ ಒರೆಸಲು ಎತ್ತಿಕೊಂಡಿದ್ದಳು.

ತಾದೆಯಾ ಉಳಿದವನ್ನು ಎಣಿಸಿ ಎತ್ತಿಟ್ಟಳು. ಮರಿಮಗುವನ್ನು ನೋಡುವವರೆಗೆ ತಾನು ಬದುಕಿರಲಾರೆ ಎಂದು ನೋನಾಳಿಗೆ ಗೊತ್ತಾಗಿತ್ತು. ತನ್ನ ಕಡೆಯ ಚಳಿಗಾಲವೆಲ್ಲ ಒಲೆಯ ಪಕ್ಕ ಕೂತು, ತೆಳ್ಳನೆಯ ಹತ್ತಿಬಟ್ಟೆಯನ್ನು ಮಡಿಸಿ ಮಡಿಸಿ ಅಂಚು ಕಟ್ಟಿ, ಪ್ರತಿಯೊಂದರ ಮೂಲೆಗೂ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕಿದ್ದಳು. ಜೊತೆಗೊಂದು ಪೆಟ್ಟಿಗೆ ತುಂಬ ಸಾಬೂನು: ಹಂದಿಕೊಬ್ಬು ಕಾಯಿಸಿ, ರೋಸ್ಮರಿ ಹಾಕಿ, ತಾನೇ ಕತ್ತರಿಸಿ ಒಣಗಿಸಿದ್ದು. ಆ ಮುದುಕಿ ಬ್ರಿನಾಳನ್ನು ಮುಟ್ಟುವ ದಾರಿ ಎಂದರೆ ಈ ಬಟ್ಟೆಗಳಷ್ಟೇ. ಅವು ನೆಲ ಒರೆಸುವುದನ್ನು ತಾದೆಯಾ ನೋಡಲಾರಳು.

ಅವಳು ನೋನಾ ಹೇಳಿದ್ದನ್ನು ಒಂದು ಎಳೆಯೂ ತಪ್ಪಿಸಿರಲಿಲ್ಲ. ಅದೇ ಸಾಬೂನು, ಬಿಸಿನೀರು, ಕೈಯಲ್ಲಿ ಉಜ್ಜುವುದು, ಅಂಗಳದಲ್ಲಿ ಬೆಟ್ಟದಿಂದ ಬೀಸುವ ಬೋರಾ ಗಾಳಿಗೆ ಒಣಹಾಕುವುದು. ಮತ್ತೇಕೆ ಹೀಗೆ? ಮಗು ಮಲಗಿದ ಮೇಲೆ ಒಂದು ಲಂಗೋಟಿಯನ್ನು ಮೇಜಿನ ಮೇಲೆ ಹರಡಿ, ಚಮಚದಿಂದ ಒಂದು ಹನಿ ನೀರು ಬಿಟ್ಟಳು. ಹನಿ ಕೆಸುವಿನ ಎಲೆಯ ಮೇಲೆ ಕೂತ ಹಾಗೆ ಗುಂಡಗೆ ಕೂತಿತು. ಬಟ್ಟೆಯನ್ನು ವಾಲಿಸಿದಳು, ಹನಿ ಉರುಳಿ ಮೇಜಿಗೆ ಬಿತ್ತು. ಅವಳು ದುಃಖವನ್ನು ಮರೆತೇಬಿಟ್ಟಳು. ಇನ್ನೊಂದು ಹನಿ ಬಿಟ್ಟಳು, ಮತ್ತೊಂದು. ಅದೂ ಉರುಳಿತು. ಎಷ್ಟು ಹೊತ್ತು ಆಡುತ್ತಿದ್ದಳೋ, ಒಲೆಯ ಮೇಲಿನ ಹುರುಳಿಕಾಳಿನ ಸಾರು ತಳ ಹಿಡಿಯಿತು.

ಬೈಯುತ್ತ ಬಂದ ಮಾರ್ಚೆಲಾ ಚೆಲ್ಲಿದ ನೀರನ್ನು ಕೈಗೆ ಸಿಕ್ಕ ಬಟ್ಟೆಯಿಂದ ಒರೆಸಿದಳು. ಒಂದೇ ಎಳೆತ. ಮೇಜು ಒಣಗಿತು.

ತಾದೆಯಾ ಅತ್ತೆಯ ಕೈಯನ್ನೇ ನೋಡಿದಳು. ಬಟ್ಟೆಯ ಮೂಲೆಯಲ್ಲಿ ಕೆಂಪು ಹೊಲಿಗೆಯಿತ್ತು.

“ಅತ್ತೆ, ಇದಕ್ಕೇನು ಮಾಡಿದ್ರಿ?”

“ಏನ್ ಮಾಡ್ತಾರೆ ಕಿಟಕಿ ಬಟ್ಟೆಗೆ? ವಿನೆಗರ್‌ನಲ್ಲಿ ಅದ್ದಿ ಗಾಜು ಒರೆಸಿದೆ.”

ಅಷ್ಟು ಸಾಕಾಯಿತು. ಗುರುವಾರ ಬೆಳಗ್ಗೆ ತಾದೆಯಾ ಒಂದು ಲಂಗೋಟಿಯನ್ನು ವಿನೆಗರ್ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕಿ, ಹಿಂಡಿ, ಗಾಳಿಗೆ ಒಡ್ಡಿದಳು. ಒಣಗಿದ ಮೇಲೆ ಮುಟ್ಟಿದರೆ ಬೆರಳಿಗೆ ಜಿಡ್ಡು. ಹನಿ ಈಗಲೂ ಉರುಳಿತು, ಮೊದಲಿಗಿಂತ ಚೆನ್ನಾಗಿ. ಅವಳಿಗೆ ಅಳು ಬಂತು. ಅಳುವಿನ ಹಿಂದೆಯೇ ಒಂದು ಪ್ರಶ್ನೆಯೂ ಬಂತು. ಬಟ್ಟೆಗೆ ಅವಳು ಜಿಡ್ಡು ಹಚ್ಚಿಲ್ಲ. ಹಾಗಾದರೆ ಅದು ಒಳಗೇ ಕೂತಿತ್ತು, ಬೇರೆ ವೇಷದಲ್ಲಿ. ವಿನೆಗರ್ ಬಂದು ವೇಷ ಕಳಚಿತ್ತು, ಅಷ್ಟೇ.

ಏನಿರಬಹುದು ಆ ವೇಷ? ಚಹಾಕ್ಕೆ ನೀರಿಡಲು ಕೆಟಲಿನ ಮುಚ್ಚಳ ತೆಗೆದವಳು ಹಾಗೇ ನಿಂತಳು. ಒಳಗೆಲ್ಲ ಬಿಳಿ ಕಲ್ಲಿನ ಹಕ್ಕಳೆ. ಚಿಕ್ಕಂದಿನಲ್ಲಿ ನೋನಾ ಹೇಳುತ್ತಿದ್ದ ಕತೆ ನೆನಪಾಯಿತು. ಒಂದು ನದಿಗೆ ಹಸಿವೋ ಹಸಿವು. ಹೊಲ ತಿಂದರೆ ರೈತರು ಓಡಿಸಿದರು, ಕಾಡು ತಿಂದರೆ ಕರಡಿಗಳು ಓಡಿಸಿದವು. ಕಡೆಗೆ ನಾಚಿಕೆಯಾಗಿ ನೆಲದ ಕೆಳಗಿಳಿದು, ಯಾರೂ ಕೇಳದ ಕಲ್ಲನ್ನೇ ತಿನ್ನತೊಡಗಿತು. ಇಂದಿಗೂ ತಿನ್ನುತ್ತಿದೆ. ‘ಅದರ ಹೊಟ್ಟೆ ತುಂಬ ಕಲ್ಲು ಕಣೇ’ ಎಂದು ನೋನಾ ಹೊಟ್ಟೆ ಸವರಿಕೊಳ್ಳುತ್ತಿದ್ದಳು. ಈ ಮನೆಯ ನಲ್ಲಿಗೆ ಬರುವುದು ಅದೇ ನೆಲದಡಿಯ ನೀರು. ನೋನಾಳ ಮನೆಗೆ ನಲ್ಲಿ ಬಂದದ್ದು ತಡವಾಗಿ, ಬಂದ ಮೇಲೂ ಅವಳು ಅದನ್ನು ನಂಬಲಿಲ್ಲ. ಬದುಕಿದ್ದಷ್ಟು ದಿನ ಬಟ್ಟೆ ಒಗೆದದ್ದು ಅಂಗಳದ ಕಲ್ಲುತೊಟ್ಟಿಯಲ್ಲಿ ಚಾವಣಿಯಿಂದ ಇಳಿದು ನಿಂತ ಮಳೆನೀರಿನಲ್ಲಿ.

ನೋನಾ ಸಾಬೂನು ಕೊಟ್ಟಿದ್ದಳು, ಬಟ್ಟೆ ಕೊಟ್ಟಿದ್ದಳು. ಯಾವ ನೀರು ಎಂದು ಹೇಳಿರಲಿಲ್ಲ. ಅವಳಿಗೆ ನೀರೆಂದರೆ ಒಂದೇ ಇತ್ತು. ಸಾಬೂನು ಮತ್ತು ಕಲ್ಲು ಕೂಡಿ ಏಳು ತಿಂಗಳು ಎಳೆ ಎಳೆಗೂ ಮೆತ್ತಿಕೊಂಡಿದ್ದವು.

ಶುಕ್ರವಾರ ತಾದೆಯಾ ಅತ್ತೆಯನ್ನು ಬಿಡದೆ ಕೇಳಿದಳು. ಗಾಜು ಒರೆಸಿದ ಮೇಲೆ ಬಟ್ಟೆಯನ್ನು ಏನು ಮಾಡಿದಿರಿ, ಯಾವ ಪಾತ್ರೆ, ಎಲ್ಲಿಯ ನೀರು. ಮಾರ್ಚೆಲಾಗೆ ಇದು ಪೊಲೀಸ್ ಠಾಣೆಯ ಹಾಗೆ ಕಂಡಿತು. ನಮ್ಮ ಅಂಗಳದ ಮಳೆತೊಟ್ಟಿಯ ನೀರಿನಲ್ಲಿ ಒಂದು ಹಿಡಿ ಬಟ್ಟೆ ಒಗೆಯುವ ಸೋಡಾ ಹಾಕಿ ಕುದಿಸಿದೆ ಎಂದಳು. ನಲ್ಲಿಯ ನೀರಾದರೆ ಗಾಜಿನ ಮೇಲೆ ಬಿಳಿ ಚುಕ್ಕೆ ಉಳಿಯುತ್ತದೆ, ಅಷ್ಟೂ ಗೊತ್ತಿಲ್ಲವೇ ಎಂದಳು.

“ಗಾಜಿಗೆ ತೊಟ್ಟಿ ನೀರು, ನನ್ನ ಮಗಳಿಗೆ ನಲ್ಲಿ ನೀರಾ ಅತ್ತೆ?”

“ನಲ್ಲಿ ಬರಲಿ ಅಂತ ನಮ್ಮಪ್ಪ ಇಪ್ಪತ್ತು ವರ್ಷ ಕಾದ ಕಣೆ. ಮಗೂಗೆ ಒಳ್ಳೇ ನೀರು, ಗಾಜಿಗೆ ಹಳೇ ನೀರು. ನನಗೇನ್ ಗೊತ್ತು?”

ಇಪ್ಪತ್ತೆರಡೂ ಲಂಗೋಟಿಗಳು ವಿನೆಗರ್‌ಗೆ ಇಳಿದವು. ಆಮೇಲೆ ತಾದೆಯಾ ಅವನ್ನು ತೊಟ್ಟಿಯ ನೀರಿನಲ್ಲಿ ಮೂರು ಸಲ ಜಾಲಿಸಿದಳು, ವಿನೆಗರಿನ ಹುಳಿ ಮತ್ತು ಸೋಡಾ ಒಂದೇ ಪಾತ್ರೆಯಲ್ಲಿ ಸೇರಿದರೆ ಎರಡೂ ಕೆಲಸ ಬಿಟ್ಟು ಜಗಳಕ್ಕೆ ಬೀಳುತ್ತವೆ ಎಂದು. ಹಂದಿ ಕಡಿದಾಗ ಇಡುವ ದೊಡ್ಡ ಕೊಪ್ಪರಿಗೆಯನ್ನು ಅಂಗಳದ ಒಲೆಗೇರಿಸಿ, ಮಳೆನೀರು, ಸೋಡಾ, ಬಟ್ಟೆ ಹಾಕಿ ಉರಿ ಮಾಡಿದಳು. ನೀರು ಕಾಯಿತು. ಮೊದಲು ಅಂಚಿನಲ್ಲೊಂದು ಗುಳ್ಳೆ, ಮತ್ತೆ ಹತ್ತು, ಮತ್ತೆ ಕೊಪ್ಪರಿಗೆ ತುಂಬ ನೊರೆ ಎದ್ದು ಕಂಠದಿಂದ ಕೆಳಗಿಳಿಯತೊಡಗಿತು.

“ಎಷ್ಟು ಸಾಬೂನು ಸುರಿದ್ಯೇ ಮಾರಾಯ್ತಿ?” ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ ಮಾರ್ಚೆಲಾ ಕೇಳಿದಳು.

“ಒಂದು ಚೂರೂ ಹಾಕಿಲ್ಲ ಅತ್ತೆ.”

ಮಾರ್ಚೆಲಾ ನಂಬದೆ ಹತ್ತಿರ ಬಂದಳು. ಆವಿಯಲ್ಲಿ ರೋಸ್ಮರಿಯ ವಾಸನೆಯಿತ್ತು. ವಿನೆಗರ್ ಕಲ್ಲನ್ನು ಬಿಡಿಸಿತ್ತು, ಉಳಿದ ಜಿಡ್ಡನ್ನು ಸೋಡಾ ಮತ್ತೆ ಸಾಬೂನು ಮಾಡಿತ್ತು. ಏಳು ತಿಂಗಳಿಂದ ಉಜ್ಜಿದ ಸಾಬೂನೆಲ್ಲ ಕಲ್ಲಿನ ಹಿಡಿತ ತಪ್ಪಿಸಿಕೊಂಡು ಈಗ ಹೊರಗೆ ಬರುತ್ತಿತ್ತು. ತಾದೆಯಾ ನೊರೆಯನ್ನು ಬೊಗಸೆಯಲ್ಲಿ ಎತ್ತಿಕೊಂಡಳು. ನೋನಾಳ ಅಡುಗೆಮನೆ ಅವಳ ಕೈಯಲ್ಲಿ ಪಿಸಪಿಸನೆ ಒಡೆಯುತ್ತಿತ್ತು. ಮಾರ್ಚೆಲಾ ಇನ್ನೆರಡು ಕೊಳ್ಳಿ ಒಲೆಗೆ ತಳ್ಳಿದಳು.

ಶನಿವಾರ ಗಾಳಿ ಬಟ್ಟೆಗಳನ್ನು ಮಧ್ಯಾಹ್ನಕ್ಕೇ ಒಣಗಿಸಿತು. ಚಮಚದ ಹನಿ ಬೀಳುತ್ತಲೇ ಮಾಯವಾಯಿತು. ಮಾರ್ಚೆಲಾಗೆ ಚಮಚದ ಆಟ ಒಪ್ಪಿಗೆಯಾಗಲಿಲ್ಲ. ಬ್ರಿನಾಳಿಗೆ ಲಂಗೋಟಿ ಕಟ್ಟಿಸಿ, ಹೊಟ್ಟೆ ತುಂಬ ಹಾಲು ಕುಡಿಸಲು ಹೇಳಿ, ಇದ್ದುದರಲ್ಲಿ ಒಳ್ಳೆಯ ಏಪ್ರನ್ ಕಟ್ಟಿಕೊಂಡು, ಮಗುವನ್ನು ಮಡಿಲಲ್ಲಿಟ್ಟುಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಪಕ್ಕದ ಮನೆಯವಳು ಕರೆದರೂ ಏಳಲಿಲ್ಲ. ಮಗು ಒಮ್ಮೆ ಗಂಭೀರವಾಗಿ ಆಕಾಶ ನೋಡಿತು. ಇಬ್ಬರಿಗೂ ಆ ನೋಟದ ಅರ್ಥ ಗೊತ್ತಿತ್ತು.

ಮಾರ್ಚೆಲಾ ಮಗುವನ್ನು ಎತ್ತಿ, ಏಪ್ರನ್ನಿನ ಮೇಲೆ ಅಂಗೈ ಆಡಿಸಿದಳು. ಇನ್ನೊಮ್ಮೆ ಆಡಿಸಿದಳು. ಆಮೇಲೆ ಮಗುವನ್ನು ಸೊಸೆಯ ಕೈಗೆ ಕೊಟ್ಟು ಒಳಗೆ ಹೋಗಿ, ಕಿಟಕಿಯ ಎರಡು ಬಟ್ಟೆಗಳನ್ನು ಮಡಿಸಿ ತಂದು ಲಂಗೋಟಿಗಳ ಮೇಲಿಟ್ಟಳು.

“ತಗೋ, ಇಪ್ಪತ್ತನಾಲ್ಕಾಯ್ತು,” ಎಂದಳು. “ಆ ಸಾಬೂನು ಇನ್ನೂ ಇದ್ಯಾ? ಇದ್ರೆ ನನಗೂ ಒಂದು ಕೊಡು. ತೊಟ್ಟಿ ನೀರಲ್ಲೇ ಒಗೀತೀನಿ.”